ಒಂದು ಪಾವು ಸಮುದ್ರ

ಕೂ ಅಂತ ಕೂಗಿದ್ದು ರೈಲಲ್ಲ, ಒಳಗೆ ಪರೀಕ್ಷೆಯ ಪಾಠ ಮಾಡುತ್ತಿರುವ ಗುಂಡಯ್ಯ, ಅವನ ಹಿಂದೆ ಮೂವತ್ತು ಮಕ್ಕಳೂ ಕೂ ಅಂದವು, ಜಗುಲಿಯ ಸೂರಿನಿಂದ ಪಾರಿವಾಳ ಪಟಪಟ ಹಾರಿಹೋಯಿತು, ಮಾಯಮ್ಮ ತೊಡೆಯ ಮೇಲಿದ್ದ ಬಟ್ಟೆಚೀಲವನ್ನು ಎರಡು ಕೈಯಲ್ಲೂ ಅವುಚಿಕೊಂಡಳು — ಒಳಗೆ ಕುಡಿಕೆ ಇದೆ, ಮಣ್ಣಿನದು, ಬಾಗೂರಿನಿಂದ ಚನ್ನರಾಯಪಟ್ಟಣ, ಚನ್ನರಾಯಪಟ್ಟಣದಿಂದ ಹಾಸನ, ಎರಡು ಬಸ್ಸಿನ ಕುಲುಕಾಟ ತಡೆದುಕೊಂಡು ಬಂದದ್ದು ಒಂದು ಪಾರಿವಾಳಕ್ಕೆ ಬೆದರಿ ಒಡೆಯಬಾರದು. ಗುಂಡಯ್ಯನ ಅದೃಷ್ಟ ನೋಡು, ಪಾಠದ ಚೀಟಿ ಎತ್ತಿದರೆ ರೈಲು ಬಂತು, ಸ್ಟೇಷನ್ನಿಗೆ ಹೋಗಿ ನೋಡಿಕೊಂಡು ಬಂದು ಕೂ ಅಂದರೆ ಪಾಠ ಮುಗಿಯಿತು, ಕಲ್ಲಿದ್ದಲೂ ಬೇಡ, ಹಳಿಯೂ ಬೇಡ. ತಾನು ಎತ್ತಿದ ಚೀಟಿಯಲ್ಲಿ ಸಮುದ್ರ ತೀರ ಅಂತಿತ್ತು, ಮೂರನೇ ತರಗತಿ, ನಲವತ್ತು ನಿಮಿಷ. ಬಿಡಿಸಿ ಓದಿದಾಗ ನಗು ಬಂದಿತ್ತು, ನಿಜವಾಗಿ ನಗು, ಕೆರೆ ಅಂತಿದ್ದರೆ ಏರಿ ತೂಬು ಕೋಡಿ ಎಲ್ಲವನ್ನೂ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು, ಹೊಳೆ ಅಂತಿದ್ದರೆ ಹೊಳೆನರಸೀಪುರದಲ್ಲಿ ಹೇಮಾವತಿಯನ್ನು ನೋಡಿದ್ದಾಳೆ, ಸಮುದ್ರವನ್ನು ನೋಡಿದವರು ಅವಳ ಕೇರಿಯಲ್ಲಿ ಯಾರಿದ್ದಾರೆ, ಬಾಯಲ್ಲಿ ಮಾತ್ರ ಎಲ್ಲರಿಗೂ ಸಮುದ್ರ — ನಿನ್ನೊಬ್ಳನ್ನ ದಡ ಮುಟ್ಟಿಸ್ಬುಟ್ರೆ ಸಾಕು ಕಣವ್ವ ಅನ್ನುವ ಅಪ್ಪ, ಸಂಸಾರ ಅಂದ್ರೆ ಸಾಗರ ಅಂತ ಬಾಣಂತಿ ಮನೆಯಲ್ಲೂ ಸಾವಿನ ಮನೆಯಲ್ಲೂ ಒಂದೇ ಮಾತು ಆಡುವ ಸುಬ್ಬಮ್ಮಜ್ಜಿ, ಆ ಅಜ್ಜಿಯ ಕತೆಯಲ್ಲಿ ಏಳು ಸಮುದ್ರದಾಚೆಯ ಗಿಣಿಯಲ್ಲಿ ಜೀವ ಬಚ್ಚಿಟ್ಟ ರಾಕ್ಷಸ, ರಾಕ್ಷಸನನ್ನು ಬಿಟ್ಟರೆ ಇವರಲ್ಲಿ ಒಬ್ಬರೂ ಮೊಣಕಾಲು ನೆನೆಸಿಕೊಂಡವರಲ್ಲ.

ಇದು ಎರಡನೇ ಸಲ, ಮೂರನೇ ಸಲ ಅನ್ನುವುದಿಲ್ಲ, ಇವತ್ತು ನಪಾಸಾದರೆ ಟ್ರೈನಿಂಗ್ ಸರ್ಟಿಫಿಕೇಟಿಲ್ಲ, ಸರ್ಟಿಫಿಕೇಟಿಲ್ಲದವಳಿಗೆ ಯಾವ ಊರಿನ ಸ್ಕೂಲೂ ಇಲ್ಲ, ಬಾಗೂರಿನ ಆಲೆಮನೆಗೆ ವಾಪಸು, ಅವ್ವನ ಪಕ್ಕದಲ್ಲಿ ಕೂತು ಒಲೆಯ ಬಾಯಿಗೆ ಕಬ್ಬಿನ ಸಿಪ್ಪೆ ತುರುಕುವುದು. ಮಾರ್ಚಿಯಲ್ಲಿ ಹಣ್ಣುಗಳು ಅಂತ ಬಂದಿತ್ತು, ಇದೇ ಕೋಣೆ, ಇದೇ ಮಕ್ಕಳು, ಆಗ ಎರಡನೇ ತರಗತಿ. ಅರಕಲಗೂಡಿನ ಸಂತೆಗೆ ಬಂದಿದ್ದ ಕೊಡಗಿನ ಕಿತ್ತಳೆ, ಒಳ್ಳೆಯವನ್ನೇ ಆರಿಸಿ ತರಿಸಿದ್ದಳು, ಮಕ್ಕಳ ಎದುರಿಗೇ ಸುಲಿದಳು, ಸಿಪ್ಪೆಯ ಘಮಕ್ಕೆ ಮುಂದಿನ ಸಾಲಿನ ಹುಡುಗಿಯ ಬಾಯಲ್ಲಿ ನೀರೂರಿದ್ದು ಕಾಣುತ್ತಿತ್ತು, ತೊಳೆ ಬಿಡಿಸಿ ತಟ್ಟೆಯಲ್ಲಿಟ್ಟುಕೊಂಡು ಸಾಲಿನಿಂದ ಸಾಲಿಗೆ ಹೋದಳು, ತಗೊಳಪ್ಪ, ತಗೊಳವ್ವ, ತಿಂದು ನೋಡಿ ರುಚಿ ಹೇಳಿ. ಮೂವತ್ತು ಮಕ್ಕಳು, ಅರವತ್ತು ಕೈ, ಅರವತ್ತೂ ಬೆನ್ನ ಹಿಂದೆ. ಯಾರು ಹೇಳಿದರೋ ತಾನು ಯಾವ ಕೇರಿಯವಳೆಂದು, ಪುಸ್ತಕದಲ್ಲಂತೂ ಇರಲಿಲ್ಲ, ಮನೆಯಲ್ಲಿ ಹೇಳಿಕೊಟ್ಟಿರುತ್ತಾರೆ, ಅಂಥ ಪಾಠಕ್ಕೆ ಉಪಕರಣ ಬೇಕಾಗುವುದಿಲ್ಲ. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಪರಮಶಿವಯ್ಯ ಮೇಷ್ಟ್ರು, ಪರೀಕ್ಷೆ ಮಾಡುವವರು ಅವರೇ, ಫಾರಮ್ಮಿನಲ್ಲಿ ಬರೆದರು, ಉಪಕರಣ ಉತ್ತಮ, ಮಕ್ಕಳ ಸಹಕಾರ ಪಡೆಯುವಲ್ಲಿ ವಿಫಲ. ಮಕ್ಕಳು ಯಾಕೆ ಮುಟ್ಟಲಿಲ್ಲ ಅಂತ ಬರೆಯುವುದಕ್ಕೆ ಆ ಫಾರಮ್ಮಿನಲ್ಲಿ ಕಲಂ ಇರಲಿಲ್ಲ. ಅವತ್ತು ಹಾಸ್ಟೆಲಿಗೆ ಹೋಗುವ ದಾರಿಯಲ್ಲಿ ಸೇತುವೆ ಕಟ್ಟೆಯ ಮೇಲೆ ಕೂತು ತಟ್ಟೆಯಲ್ಲಿದ್ದ ತೊಳೆಗಳನ್ನೆಲ್ಲ ಒಬ್ಬಳೇ ತಿಂದಳು, ಬೀಜವನ್ನೂ ಉಗುಳಲಿಲ್ಲ, ಎಸೆಯುವುದಕ್ಕೆ ಕೈ ಬರಲಿಲ್ಲ, ತನ್ನ ಕೈಯಿಂದ ಬಿಡಿಸಿದ್ದು ತನ್ನ ಹೊಟ್ಟೆಗಾದರೂ ಹೋಗಲಿ ಅಂತ.

ಪರಮಶಿವಯ್ಯನವರು ಕೆಟ್ಟವರಲ್ಲ, ಅದೇ ತೊಡಕು, ಕೆಟ್ಟವರಾಗಿದ್ದರೆ ಬಯ್ದುಕೊಂಡು ಹಗುರಾಗಬಹುದಿತ್ತು. ನಾಲಗೆ ಕಲಿತದ್ದನ್ನು ತಲೆ ಮರೆಯೋದಿಲ್ಲ, ಮುಟ್ಟಿಸಿ, ಮೂಸಿಸಿ, ರುಚಿ ನೋಡಿಸಿ, ಆಮೇಲೆ ಹೇಳಿ ಅಂತ ಎರಡು ವರ್ಷ ಪಾಠ ಮಾಡಿದವರು ಅವರೇ. ಆವತ್ತು ಹಿಂದೆ ಬಂದು ಮೆಲ್ಲಗೆ ಅಂದಿದ್ದರು, ಕ್ಲಾಸಿನ ಲೀಡರ್ ಹುಡುಗಿ ಇದ್ದಳಲ್ಲಮ್ಮ, ಅವಳ ಕೈಲಿ ಹಂಚಿಸಬಹುದಿತ್ತಲ್ಲ, ಎಲ್ಲರೂ ತಿಂತಿದ್ದರು. ಹಾಸ್ಟೆಲಿನಲ್ಲಿ ಜೊತೆಗಿದ್ದ ಸಣ್ಣಕ್ಕನೂ ಅದನ್ನೇ ಅಂದಳು, ಇವಳ ಹಾಗೇ ಕೇರಿಯಿಂದ ಬಂದವಳು, ಹಾಗೆ ಹಂಚಿಸಿಯೇ ಪಾಸಾದವಳು, ಈಗ ನುಗ್ಗೇಹಳ್ಳಿ ಕಡೆ ಸ್ಕೂಲಿನಲ್ಲಿದ್ದಾಳೆ, ಸಂಬಳ ಬರುತ್ತದೆ, ಮೊನ್ನೆ ಬಂದಿದ್ದಾಗ ಹೇಳಿದಳು, ನಿಂದೊಳ್ಳೆ ಹಟ ಕಣೆ, ಸೀಮೆಸುಣ್ಣಾನೂ ನಾನು ಮೇಜಿನ ಮೇಲೆ ಇಡ್ತೀನಿ, ಲೀಡರು ತಗೊಂಡು ಕೊಡ್ತಾನೆ, ಅಭ್ಯಾಸ ಆಗೋಯ್ತದೆ. ಅಭ್ಯಾಸ ಆಗೋಯ್ತದೆ ಅಂದಾಗ ಸಣ್ಣಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಸುತ್ತುತ್ತಿದ್ದಳು. ಇವತ್ತು ಒಂದು ದಿನ ಲೀಡರ್ ಕೈಲಿ ಹಂಚಿಸಿದರೆ ನಾಳೆ, ನಾಡಿದ್ದು, ಮೂವತ್ತು ವರ್ಷದ ನೌಕರಿ ಪೂರ್ತಿ ತನ್ನ ಕೈಗೂ ಮಗುವಿನ ಕೈಗೂ ನಡುವೆ ಇನ್ನೊಂದು ಕೈ. ಆಗೋದಿಲ್ಲ. ಪಾಸಾದರೆ ಈ ಕೈಯಲ್ಲೇ ಪಾಸಾಗಬೇಕು, ಇದನ್ನು ಅವಳು ಯಾರಿಗೂ ಹೇಳಿಲ್ಲ, ಅಪ್ಪನಿಗೂ ಹೇಳಿಲ್ಲ.

ಅಪ್ಪ, ಕೆಂಚಯ್ಯ, ಆಲೂಗಡ್ಡೆ ಲಾರಿಯ ಹಮಾಲಿ, ಹಾಸನದಿಂದ ಮಂಗಳೂರಿಗೆ ಆಲೂಗಡ್ಡೆ ಇಳಿಸುವುದು, ಅಲ್ಲಿಂದ ಹೆಂಚು ತುಂಬಿಕೊಂಡು ಘಾಟಿ ಹತ್ತುವುದು, ಆರು ವರ್ಷದಿಂದ ಹೋಗಿಬರುತ್ತಿದ್ದರೂ ಸಮುದ್ರದ ಮುಖ ನೋಡಿದವನಲ್ಲ, ಲಾರಿ ನಿಂತರೆ ಮಾಲೀಕ ಸುಮ್ಮನಿರುತ್ತಾನೆಯೇ. ಸಮುದ್ರದ ನೆಂಟಸ್ತನ ಉಪ್ಪಿಗೆ ಬಡತನ ಅಂತ ಅವ್ವ ಆಡಿಕೊಳ್ಳುತ್ತಿದ್ದಳು. ಮಗಳ ಚೀಟಿಯ ವಿಷಯ ಕೇಳಿದ್ದೇ ಈ ಸಲ ಡ್ರೈವರನ ಕಾಲಿಗೆ ಬೀಳುವುದೊಂದು ಬಾಕಿ, ಲಾರಿ ನಿಲ್ಲಿಸಿಕೊಂಡು, ಸೋರೆಬುರುಡೆ ಹಿಡಿದುಕೊಂಡು ಇಳಿದ. ಇಳಿದವನು ಮರಳ ಮೇಲೆ ನಿಂತೇ ಇದ್ದ. ಅದನ್ನು ಹೇಳುವಾಗ ಅಪ್ಪ ಬೀಡಿಯನ್ನೂ ಹಚ್ಚಲಿಲ್ಲ, ನಿಂತೇ ಇದ್ದೆ ಕಣವ್ವ, ಕೆರೆ ಅಂದ್ರೆ ಆಚೆ ಕಡೆ ಏರಿ ಇರ್ತದೆ, ಇದ್ಕೆ ಆಚೆ ಅನ್ನೋದೇ ಇಲ್ಲ, ಎಲ್ ಇಳೀಬೇಕು ತಿಳೀಲಿಲ್ಲ. ಊರ ಕೆರೆಯಲ್ಲಿ ಮೇಲುಕೇರಿಯವರು ಇಳಿಯುವ ಸೋಪಾನ ಅರಳಿಕಟ್ಟೆಯ ಕಡೆಗೆ, ನಾವು ಇಳಿಯುವುದು ಕೋಡಿಯ ಕಡೆಗೆ, ದನ ತೊಳೆಯುವುದಕ್ಕಿಂತ ಕೆಳಗೆ, ಅದು ಅಪ್ಪನ ಕಾಲಿಗೇ ಗೊತ್ತು, ತಲೆಗೆ ಹೇಳಬೇಕಾಗಿಲ್ಲ. ಇಷ್ಟು ದೊಡ್ಡ ನೀರಿಗೆ ನಮ್ಮ ಕಡೆ ಒಂದು ಇದ್ದೇ ಇರಬೇಕಲ್ಲ. ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಹೋಗುತ್ತಿದ್ದಳು, ಅವಳನ್ನು ಕೇಳಿದನಂತೆ, ತಾಯಿ, ನಮ್ಮೋರು ಇಳಿಯೋ ಕಡೆ ಯಾವ್ದು. ಆಯಮ್ಮಂಗೆ ಕನ್ನಡ ಬತ್ತಿತ್ತು ಕಣವ್ವ, ಮಾತು ತಿಳೀತು, ನಾನು ಕೇಳಿದ್ದು ಮಾತ್ರ ತಿಳೀಲಿಲ್ಲ, ಎಡಕ್ಕೊಂದ್ಸಲ ಕೈ ಬೀಸಿದ್ಲು, ಬಲಕ್ಕೊಂದ್ಸಲ ಬೀಸಿದ್ಲು, ಒಂಟೋದ್ಲು. ಎಡಕ್ಕೆ ನೋಡಿದರೆ ಕೊನೆಯಿಲ್ಲ, ಬಲಕ್ಕೆ ನೋಡಿದರೆ ಕೊನೆಯಿಲ್ಲ, ಆದರೂ ಅಪ್ಪನಿಗೆ ಧೈರ್ಯ ಬರಲಿಲ್ಲ, ಅಷ್ಟರಲ್ಲಿ ಒಂದು ತೆರೆ ಬಂದು ಕಾಲು ಮುಟ್ಟಿತು. ನಾನಾಗಿ ಓಗ್ಲಿಲ್ಲ ಕಣವ್ವ, ಅದೇ ಬಂತು, ಅದೇ ಬಂದು ಮುಟ್ತು — ಇದನ್ನು ಮೂರು ಸಲ ಹೇಳಿದ, ಯಾರೋ ತಪ್ಪು ಹೊರಿಸಿದವರಿಗೆ ಹೇಳುವ ಹಾಗೆ, ಮೂರನೇ ಸಲ ಹೇಳುವಾಗ ಮಾತ್ರ ನಗುತ್ತಿದ್ದ.

ಆ ಬುರುಡೆಯ ಬಿರಡೆ ಶಿರಾಡಿ ಘಾಟಿಯ ತಿರುವಿನಲ್ಲಿ ಸಡಿಲಾಗಿ ಮುಕ್ಕಾಲು ಸಮುದ್ರ ಹೆಂಚಿನ ಮೇಲೆ ಚೆಲ್ಲಿತು, ಮನೆ ಮುಟ್ಟಿದ್ದು ಒಂದು ಪಾವು. ಆ ಒಂದು ಪಾವನ್ನು ತೆಗೆದುಕೊಂಡು ಹೋಗೋಣ ಅಂತ ಶನಿವಾರ ಊರಿಗೆ ಹೋದರೆ ಗಳುವಿಗೆ ನೇತುಹಾಕಿದ್ದ ಬುರುಡೆ ಹಗುರ, ಅಲ್ಲಾಡಿಸಿದರೆ ಸದ್ದಿಲ್ಲ. ಅವ್ವ ಒಲೆಯ ಪಕ್ಕದಿಂದ ಕುಡಿಕೆ ತಂದಳು, ಮುಚ್ಚಳ ತೆಗೆದು ತೋರಿಸಿದಳು, ಮುಖದಲ್ಲಿ ಎಂಥ ಹೆಮ್ಮೆ, ಉಳ್ದಿದ್ದೇ ಒಂದ್ ಪಾವು, ಅದೂ ಬಸ್ಸಲ್ಲಿ ತುಳುಕಿ ಓದ್ರೆ ಏನ್ ತೋರ್ಸೀಯೆ, ಅದ್ಕೇ ಕಾಯ್ಸಿ ಗಟ್ಟಿ ಮಾಡ್ಬುಟ್ಟೆ ಕಣ್ ಮಗ, ಕಬ್ಬಿನಾಲು ಚೆಲ್ತದೆ, ಬೆಲ್ಲ ಚೆಲ್ತದಾ, ಅಲ್ಲೋಗಿ ಒಸಿ ನೀರುಯ್ದು ಕದಡು, ತಿರ್ಗಾ ಸಮುದ್ರ ಆಯ್ತದೆ. ಹದಿನೈದು ವರ್ಷ ಆಲೆಮನೆಯ ಒಲೆಯ ಮುಂದೆ ಕೂತವಳಿಗೆ ಲೋಕದ ನೀರೆಲ್ಲ ಕಬ್ಬಿನ ಹಾಲೇ. ಬಗ್ಗಿ ನೋಡಿದರೆ ಕರಿ ಕುಡಿಕೆ, ಅದರ ಒಳಮೈಗೆ ಸುತ್ತಲೂ ಒಂದು ಬಿಳಿ ಬಳೆ, ತಳದಲ್ಲಿ ಚಿಟಿಕೆ ಪುಡಿ, ಅಷ್ಟೇ. ಅಪ್ಪ ಬೇಡಿ ತಂದ ಸಮುದ್ರವನ್ನು ಅವ್ವ ಅಡುಗೆ ಮಾಡಿಬಿಟ್ಟಿದ್ದಳು. ಮಾಯಮ್ಮನ ಬಾಯಿಗೆ ಬರಬಾರದ ಮಾತು ಬಂತು, ನಿನ್ನಂಥ ಪೆದ್ದಿ ಹೊಟ್ಟೇಲಿ ಹುಟ್ಟಿ ನಾನು ಮೇಷ್ಟ್ರಾಗೋದುಂಟಾ ಅಂದಳು, ಅಂದದ್ದು ಅಂದಾಯಿತು, ಅವ್ವ ಕುಡಿಕೆಯನ್ನು ಸೆರಗಿನಿಂದ ಒರೆಸುತ್ತಾ ನಿಂತಳು, ಹೊರಗಿನ ಮಸಿಯನ್ನು ಮಾತ್ರ ಒರೆಸಿದಳು, ಒಳಗಿನದಕ್ಕೆ ಕೈ ತಾಗದ ಹಾಗೆ ಎಷ್ಟು ಜೋಪಾನ. ಅವ್ವ ಬಸ್ಸು ಹತ್ತಿಸುವಾಗ ತಪ್ಪಾಯ್ತು ಅಂತ ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ, ಕಂಡಕ್ಟರ್ ರೈಟ್ ಅಂದುಬಿಟ್ಟ.

ಅಂಗಡಿಯ ಉಪ್ಪು ಒಂದು ಹಿಡಿ, ನಲ್ಲಿಯ ನೀರು ಒಂದು ಚೊಂಬು, ಯಾರು ಕೇಳುತ್ತಾರೆ, ಎಲ್ಲಾ ಉಪ್ಪೂ ಸಮುದ್ರದ್ದೇ ತಾನೆ ಅಂತ ಸಣ್ಣಕ್ಕ ಹೇಳಿಕಳಿಸಿದ್ದೂ ಆಯಿತು. ಹೌದು, ಯಾರೂ ಕೇಳುವುದಿಲ್ಲ, ಆದರೆ ಅಪ್ಪ ಕೇಳುತ್ತಾನೆ, ತೋರ್ಸಿದ್ಯೇನವ್ವ ಅಂತ ಒಂದೇ ಮಾತು, ಆಗ ಯಾವ ಮುಖ ಇಟ್ಟುಕೊಂಡು ಹೂಂ ಅನ್ನುವುದು. ಚೀಲದೊಳಗೆ ಕೈ ಹಾಕಿ ಕುಡಿಕೆಯ ಅಂಚನ್ನು ಮುಟ್ಟಿ ನೋಡಿದಳು, ಒಳಗೆ ಬಳೆ ಇದೆ, ಒರಟು ಒರಟು, ಉದುರಿಲ್ಲ. ಗಂಟೆ ಹೊಡೆಯಿತು, ಗುಂಡಯ್ಯ ಬೆವರು ಒರೆಸಿಕೊಂಡು ಹೊರಗೆ ಬಂದ, ಹೋಗಮ್ಮ, ಮಕ್ಕಳು ಹದವಾಗಿ ಕೂತಿವೆ ಅಂದ, ಅವಳು ಎದ್ದಳು, ಸೀರೆಯ ನೆರಿಗೆ ಕೊಡವಿದಳು, ನಾನಾಗಿ ಹೋಗೋದಿಲ್ಲ, ಇವತ್ತು ತಟ್ಟೆ ಹಿಡಿದು ಸಾಲಿನಿಂದ ಸಾಲಿಗೆ ಹೋಗೋದಿಲ್ಲ — ಇಷ್ಟು ಮಾತ್ರ ಗೊತ್ತಿತ್ತು, ಉಳಿದದ್ದು ಹೊಸ್ತಿಲು ದಾಟುವಾಗಲೂ ಗೊತ್ತಿರಲಿಲ್ಲ.

ಎಣ್ಣೆ ಹಚ್ಚಿದ ತಲೆಗಳ ವಾಸನೆ, ಸೀಮೆಸುಣ್ಣದ ಪುಡಿ, ಮೂಲೆಯಲ್ಲಿ ಪರಮಶಿವಯ್ಯನವರು, ಮೊಣಕಾಲಿನ ಮೇಲೆ ಫಾರಮ್ಮು, ಕಿವಿಯಲ್ಲಿದ್ದ ಪೆನ್ಸಿಲು ಕೈಗೆ ಬಂತು. ಮುಂದಿನ ಸಾಲಿನಲ್ಲಿ ಅದೇ ಹುಡುಗಿ, ಬಸವಲಿಂಗಮ್ಮ, ಕ್ಲಾಸಿನ ಲೀಡರು, ಎರಡು ಜಡೆ ಮೇಲಕ್ಕೆ ಕಟ್ಟಿದ ಕೆಂಪು ಟೇಪು, ಮಾರ್ಚಿಯಲ್ಲಿ ಕಿತ್ತಳೆಗೆ ಬಾಯಲ್ಲಿ ನೀರೂರಿಸಿಕೊಂಡು ಕೈ ಹಿಂದೆ ಕಟ್ಟಿಕೊಂಡವಳು, ಒಂದು ಹಲ್ಲು ಬಿದ್ದಿದೆ ಈಗ. ಚಿತ್ರಪಟ ತೂಗುಹಾಕಿದಳು, ಬಟ್ಟೆಗೆ ಹಾಕುವ ನೀಲಿ ಕಲಸಿ ಬಳಿದ ಸಮುದ್ರ, ಅಪ್ಪ ನೀರಿನ ಜೊತೆಗೆ ಪಂಚೆಯ ತುದಿಯಲ್ಲಿ ಗಂಟು ಕಟ್ಟಿಕೊಂಡು ತಂದಿದ್ದ ಮರಳನ್ನು ಕಾಗದದ ಮೇಲೆ ಸುರಿದಳು, ಪೀಠಿಕೆ ಎಲ್ಲಿ ಹೋಯಿತೋ, ನಾಲ್ಕು ರಾತ್ರಿ ಬಾಯಿಪಾಠ ಮಾಡಿದ ಪೀಠಿಕೆ, ಬಾಯಿಂದ ಬಂದದ್ದು ಬೇರೆಯೇ, ನಿಮ್ಮ ಊರಿನ ಕೆರೆಗೆ ಆಚೆ ದಡ ಇದೆಯೇನ್ರಪ್ಪ. ಇದೆ ಮೇಡಮ್. ಸಮುದ್ರಕ್ಕೆ ಇಲ್ಲ. ಹಾಗಾದ್ರೆ ಎಲ್ಲಿಗೆ ಮುಗೀತದೆ ಮೇಡಮ್. ನಮ್ಮಪ್ಪ ನೋಡಿಕೊಂಡು ಬಂದಿದ್ದಾರೆ, ಮುಗಿಯೋದಿಲ್ಲವಂತೆ, ನಾವು ದಡದಲ್ಲಿ ಸುಮ್ಮನೆ ನಿಂತರೆ ಅದೇ ಬಂದು ಕಾಲು ಮುಟ್ಟುತ್ತದಂತೆ, ಯಾರ ಕಾಲು ಅಂತ ನೋಡೋದಿಲ್ಲವಂತೆ — ಪೆನ್ಸಿಲು ಒಂದು ಕ್ಷಣ ನಿಂತಿತು, ಆಮೇಲೆ ಓಡಿತು. ನೀವು ನೋಡಿದ್ದೀರಾ ಮೇಡಮ್. ಇಲ್ಲ ಅಂದಳು, ನಾನು ನೋಡಿಲ್ಲ, ಮೇಷ್ಟ್ರು ಅನ್ನಿಸಿಕೊಂಡವಳು ನೋಡಿಲ್ಲ ಅನ್ನಬಾರದು ಅಂತ ಯಾವ ಪುಸ್ತಕದಲ್ಲೋ ಇದೆ, ಇರಲಿ. ನೋಡಿಲ್ಲ, ಆದರೆ ತಂದಿದ್ದೀನಿ.

ಕುಡಿಕೆಯನ್ನು ಮೇಜಿನ ಮೇಲಿಟ್ಟಳು. ಅಪ್ಪ ಬುರುಡೆಯಲ್ಲಿ ತಂದದ್ದು, ಘಾಟಿಯಲ್ಲಿ ಚೆಲ್ಲಿದ್ದು, ಉಳಿದದ್ದು ಒಂದು ಪಾವು, ಅದನ್ನು ಬೆಲ್ಲ ಕಾಯಿಸುವ ಹಾಗೆ ಕಾಯಿಸಿದ ಅವ್ವ — ಒಂದನ್ನೂ ಮುಚ್ಚಿಡಲಿಲ್ಲ, ನಮ್ಮವ್ವ ಆಲೆಮನೇಲಿ ಕೆಲಸ ಮಾಡ್ತಾರೆ ಅಂದಳು, ಅವರು ಕಾಯಿಸಿದ್ದು ಅಂದಳು, ನೀರು ಎಲ್ಲಿಗೆ ಹೋಯ್ತು ಹೇಳಿ, ಹೊಗೆ ಆಗಿ ಹೋಯ್ತು ಮೇಡಮ್, ಹೊಗೆ ಅಲ್ಲ, ಆವಿ, ಮೋಡ ಆಗುತ್ತೆ, ನಮ್ಮ ಹೊಲಕ್ಕೆ ಬರುತ್ತೆ, ಇಲ್ಲೇನು ಉಳೀತು. ಬೆಲ್ಲವಾ ಮೇಡಮ್ ಅಂದ ಹಿಂದಿನ ಸಾಲಿನವನು ಒಬ್ಬ, ಎಲ್ಲರೂ ನಕ್ಕರು, ಅವಳೂ ನಕ್ಕಳು. ತೋರುಬೆರಳಿನಿಂದ ತಳದ ಪುಡಿಯನ್ನು ಒಂದು ಚೂರು ತೆಗೆದು ನಾಲಗೆಗೆ ಹಚ್ಚಿಕೊಂಡಳು, ಉಪ್ಪು, ಉಪ್ಪಿನ ಹಿಂದೆ ಕಹಿ, ಕಹಿಯ ಹಿಂದೆ ಒಲೆಯ ಹೊಗೆ, ಅವ್ವನ ಒಲೆ — ಏನು ಅಂತ ನಾನು ಹೇಳೋದಿಲ್ಲ, ಅಂದಳು. ನನ್ನ ನಾಲಗೆಗೆ ಗೊತ್ತಾಯ್ತು. ನಿಮ್ಮ ನಾಲಗೆಗೆ ಬೇಕಾದರೆ ಇಲ್ಲಿದೆ. ಕುಡಿಕೆಯನ್ನು ಅಲ್ಲೇ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ಕಪ್ಪುಹಲಗೆಗೆ ಬೆನ್ನು ಕೊಟ್ಟು ನಿಂತಳು.

ನಗು ನಿಂತಿತು. ಗುಂಡಯ್ಯನ ರೈಲು ಎಲ್ಲೋ ದೂರದಲ್ಲಿ ನಿಜವಾಗಿ ಕೂಗಿತು. ಅರವತ್ತು ಕೈ ಮತ್ತೆ ಬೆನ್ನ ಹಿಂದೆ ಹೋಗುತ್ತಿವೆ, ಒಂದೊಂದಾಗಿ, ಅವಳಿಗೆ ಕಾಣುತ್ತಿದೆ, ಕಂಡರೂ ಕದಲುವುದಿಲ್ಲ, ಮರಳ ಮೇಲೆ ಅಪ್ಪ ನಿಂತದ್ದು ಎಷ್ಟು ಹೊತ್ತೋ, ಲೀಡರನ್ನು ಕರೆ, ಕರೆದರೆ ಬರುತ್ತಾಳೆ, ಹಂಚುತ್ತಾಳೆ, ಪರಮಶಿವಯ್ಯನವರು ಕೆಮ್ಮಿದರು, ಅದು ಕೆಮ್ಮಲ್ಲ, ಸೂಚನೆ, ಅಮ್ಮಾ ಲೀಡರ್ ಇದ್ದಾಳಲ್ಲ ಅನ್ನುವ ಕೆಮ್ಮು, ಆಗೋದಿಲ್ಲ ಸಾರ್, ನಪಾಸು ಅಂತಲೇ ಬರೆಯಿರಿ, ಆಲೆಮನೆಯ ಒಲೆಯೇನು ನನಗೆ ಹೊಸದಲ್ಲ, ಬಾಯಿ ಬಿಟ್ಟು ಹೇಳಲಿಲ್ಲ. ಮುಂದಿನ ಸಾಲಿನಲ್ಲಿ ಕೆಂಪು ಟೇಪು ಅಲ್ಲಾಡಿತು. ಬಸವಲಿಂಗಮ್ಮ ಎದ್ದು ನಿಂತಿದ್ದಾಳೆ, ಬಾಗಿಲ ಕಡೆ ನೋಡಿದಳು, ಬಾಗಿಲಲ್ಲಿ ಅವಳ ಮನೆಯವರು ಯಾರೂ ಇಲ್ಲ, ಮೇಷ್ಟ್ರ ಕಡೆ ನೋಡಿದಳು, ಕುಡಿಕೆಯ ಕಡೆ ನೋಡಿದಳು. ನಾನು ಹಂಚಬೇಕಾ ಮೇಡಮ್. ಬೇಡ ಅಂದಳು ಮಾಯಮ್ಮ, ನಿನಗೆ ಬೇಕಾದರೆ ನೀನು. ಹುಡುಗಿ ನಿಂತಳು, ನಿಂತೇ ಇದ್ದಳು, ಒಂದು ಹೆಜ್ಜೆ ಬಂದಳು, ಹಿಂದಕ್ಕೆ ಹೋದಳು, ಮತ್ತೆ ಬಂದಳು, ಮೇಜು ಎತ್ತರ, ಹೆಬ್ಬೆರಳ ಮೇಲೆ ನಿಂತು ಕುಡಿಕೆಯ ಬಾಯಿಗೆ ಕೈ ಹಾಕಿದಳು, ಕರಕರ ಅಂತ ಉಗುರಿನ ಸದ್ದು, ಬೆರಳು ಬಾಯಿಗೆ ಹೋಯಿತು, ಹಲ್ಲು ಬಿದ್ದ ಜಾಗದಲ್ಲಿ ಹಾದುಹೋಯಿತು, ಮುಖ ಕಿವುಚಿಕೊಂಡಿತು, ಇದು ಉಪ್ಪು ಕಣ್ರೋ ಅಂತ ಹಿಂದಕ್ಕೆ ತಿರುಗಿ ಹೇಳಿದಳು, ಬೆಂಚುಗಳು ಕಿರುಗುಟ್ಟಿದವು, ಯಾರು ಯಾರು ಏಳುತ್ತಿದ್ದಾರೋ, ಎಷ್ಟು ಜನವೋ, ಪರಮಶಿವಯ್ಯನವರು ಮುಂದುವರಿಸಿ ಅಂದರು, ಪೆನ್ಸಿಲು ಏನು ಬರೆಯುತ್ತಿದೆ ಅಂತ ತಿರುಗಿ ನೋಡಬೇಕು, ನೋಡಬೇಕು ಅಂದುಕೊಂಡಳು, ಕಣ್ಣು ಕುಡಿಕೆಯನ್ನು ಬಿಟ್ಟು ಬರಲಿಲ್ಲ — ಕರಿ ಕುಡಿಕೆ, ಒಳಗೆ ಬಿಳಿ ಬಳೆ, ಬಳೆಯಲ್ಲಿ ಒಂದು ಕಡೆ ಕಪ್ಪು, ಒಂದು ಮಗುವಿನ ಬೆರಳಿನಷ್ಟು ಅಗಲ.